ಮಕ್ಕಳಿಗೆ ಹಸಿರು ಎಷ್ಟು ಬೇಕು, ಎಲ್ಲಿಂದ ತರುವುದು? ಊರೊಳಗಿನ ಅಪ್ಪ-ಅಮ್ಮಂದಿರಿಗೆ ಕೈಪಿಡಿ

“ಮಗು ಸ್ಕೂಲು ಬಿಟ್ಟರೆ ಮನೆ, ಮನೆ ಬಿಟ್ಟರೆ ಟ್ಯೂಷನ್. ಹೊರಗೆ ಬಿಡೋಣ ಅಂದರೆ ಜಾಗ ಎಲ್ಲಿದೆ?” ಜೂನ್‌ನಲ್ಲಿ ಶಾಲೆ ಶುರುವಾದಾಗ ಒಂದು ಸಲ, ಏಪ್ರಿಲ್‌ನಲ್ಲಿ ರಜೆ ಬಂದಾಗ ಇನ್ನೊಂದು ಸಲ ಈ ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರಲ್ಲಿ ಬಹುತೇಕರು ಅಪಾರ್ಟ್‌ಮೆಂಟಿನಲ್ಲೋ ತರ್ಟಿ-ಫಾರ್ಟಿ ಸೈಟಿನ ಬಾಡಿಗೆ ಮನೆಯಲ್ಲೋ ಇರುವವರು. ಪ್ರಶ್ನೆಯ ಜೊತೆಗೆ ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ: “ವರ್ಷಕ್ಕೆರಡು ಸಲ ಸಕಲೇಶಪುರಕ್ಕೋ ಮಡಿಕೇರಿಗೋ ಹೋಗಿ ಬರುತ್ತೇವೆ, ಸಾಲದೇ?”

ಹೋಗಿ ಬನ್ನಿ, ತಪ್ಪೇನಿಲ್ಲ. ಆದರೆ ಮಗುವಿನ ಕಣ್ಣಿಗೂ ಮೈಗೂ ಗಮನಕ್ಕೂ ಬೇಕಿರುವುದು ದಿನಾ ಸಿಗುವ ಸ್ವಲ್ಪ ಹಸಿರು. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಒಂದೇ ಒಂದು ಮರವಿದ್ದರೂ ಶುರು ಮಾಡಬಹುದು. ನಾಲ್ಕರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಮೊದಲು, ಇದರಿಂದ ನಿಜವಾಗಿ ಏನು ಸಿಗುತ್ತದೆ?

ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಮಾತುಗಳನ್ನು ನಂಬಿದರೆ ಪಾರ್ಕಿಗೆ ಹೋದ ಮಗು ಕ್ಲಾಸಿಗೇ ಫಸ್ಟ್ ಬರಬೇಕು. ಅಷ್ಟೆಲ್ಲ ಇಲ್ಲ.

ಎಲ್ಲಕ್ಕಿಂತ ಗಟ್ಟಿ ಪುರಾವೆ ಇರುವುದು ಕಣ್ಣಿನ ವಿಷಯದಲ್ಲಿ. ಸಮೀಪದೃಷ್ಟಿ ಅಂದರೆ ಹತ್ತಿರದ್ದು ಸರಿಯಾಗಿ ಕಂಡು, ದೂರದ ಬೋರ್ಡು ಮಂಜಾಗುವುದು. ಡಾಕ್ಟರು ಇದನ್ನೇ ಮಯೋಪಿಯಾ ಅನ್ನುತ್ತಾರೆ. ಕಣ್ಣುಗುಡ್ಡೆ ಹಿಂದಕ್ಕೆ ಅಗತ್ಯಕ್ಕಿಂತ ಉದ್ದ ಬೆಳೆದಾಗ ಹೀಗಾಗುತ್ತದೆ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷದ ಒಂದು ಪೀರಿಯಡ್ಡನ್ನು ಹೊರಗೆ ಸೇರಿಸಿದರು, ಉಳಿದವು ಮೊದಲಿನಂತೆಯೇ ನಡೆದವು. ಮೂರು ವರ್ಷದ ಹೊತ್ತಿಗೆ ಹೊರಗೆ ಹೋದ ಗುಂಪಿನಲ್ಲಿ ಶೇ. 30.4, ಇನ್ನೊಂದರಲ್ಲಿ ಶೇ. 39.5 ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು. 2015ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ತೈವಾನ್ ಅದಕ್ಕೂ ಮುಂಚೆ, 2010ರಲ್ಲೇ, ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರಲಿ ಎಂಬ ಕಾರ್ಯಕ್ರಮ ಶುರು ಮಾಡಿತ್ತು.

ಇಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಬೆಳಕು. ಲಕ್ಸ್ ಅನ್ನುವುದು ಬೆಳಕಿನ ಅಳತೆ. ಟ್ಯೂಬ್‌ಲೈಟ್ ಹಾಕಿದ ಹಾಲ್‌ನಲ್ಲಿ ಕೆಲವು ನೂರು ಲಕ್ಸ್ ಇದ್ದರೆ, ಹೊರಗೆ ಮರದ ನೆರಳಿನಲ್ಲೂ ಹಲವು ಸಾವಿರ ಇರುತ್ತದೆ. ಅಷ್ಟು ಬೆಳಕು ಬಿದ್ದಾಗ ಕಣ್ಣಿನ ಹಿಂಪರದೆಯಲ್ಲಿ ಡೋಪಮಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ, ಅದು ಗುಡ್ಡೆ ಉದ್ದವಾಗುವುದನ್ನು ತಡೆಯುತ್ತದೆ ಎಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಆದ್ದರಿಂದ ಮಗು ಬಿಸಿಲಿನಲ್ಲಿ ಒಣಗಬೇಕಿಲ್ಲ, ನೆರಳೇ ಸಾಕು. ಸೂರ್ಯನನ್ನಂತೂ ನೇರವಾಗಿ ನೋಡಬಾರದು.

ಕಲಿಕೆಯ ವಿಷಯದಲ್ಲಿ ಪುರಾವೆ ಇದೆ, ಆದರೆ ಅಷ್ಟು ಗಟ್ಟಿಯಲ್ಲ. ಬಾರ್ಸಿಲೋನಾದ 36 ಶಾಲೆಗಳ ಸುಮಾರು 2,600 ಮಕ್ಕಳನ್ನು ಒಂದು ವರ್ಷ ಗಮನಿಸಿದಾಗ, ಸುತ್ತ ಹಸಿರು ಹೆಚ್ಚಿದ್ದ ಶಾಲೆಗಳ ಮಕ್ಕಳಲ್ಲಿ ‘ವರ್ಕಿಂಗ್ ಮೆಮೊರಿ’ ಹೆಚ್ಚು ಸುಧಾರಿಸಿತ್ತು. ಬಾಯಿಲೆಕ್ಕ ಮಾಡುವಾಗ ದಶಕವನ್ನು ತಲೆಯಲ್ಲೇ ಹಿಡಿದಿಟ್ಟುಕೊಳ್ಳುತ್ತೇವಲ್ಲ, ಆ ಶಕ್ತಿ ಅದು. ಅದರಲ್ಲಿ ಒಂದು ಪಾಲು ವಾಹನಗಳ ಹೊಗೆ ಕಡಿಮೆ ಇದ್ದುದರಿಂದ ಎಂದು ಸಂಶೋಧಕರೇ ಹೇಳಿದ್ದಾರೆ. ಅಮೆರಿಕದಲ್ಲಿ ಗಮನದ ಕೊರತೆ (ಎಡಿಎಚ್‌ಡಿ) ಇದ್ದ ಮಕ್ಕಳನ್ನು 20 ನಿಮಿಷ ಪಾರ್ಕಿನಲ್ಲಿ ನಡೆಸಿದಾಗ, ಅಷ್ಟೇ ಹೊತ್ತು ಪೇಟೆಯಲ್ಲಿ ನಡೆಸಿದ್ದಕ್ಕಿಂತ ಚೆನ್ನಾಗಿ ಗಮನ ಕೊಟ್ಟರು. ಆದರೆ ಅದರಲ್ಲಿದ್ದವರು 17 ಮಕ್ಕಳು ಮಾತ್ರ. ಮಾರ್ಕ್ಸ್ ಕಾರ್ಡಿನ ಮೇಲೆ ಕಣ್ಣಿಟ್ಟು ಈ ಕೆಲಸಕ್ಕೆ ಇಳಿಯಬೇಡಿ ಎನ್ನುವುದು ಅದಕ್ಕೇ.

ಇನ್ನು ಮಣ್ಣು. ಫಿನ್ಲೆಂಡಿನಲ್ಲಿ ಕೆಲವು ಶಿಶುವಿಹಾರಗಳ ಅಂಗಳಕ್ಕೆ ಕಾಡಿನ ನೆಲದ ಮಣ್ಣು, ಪಾಚಿ, ಹುಲ್ಲನ್ನು ತಂದು ಹಾಸಿದರು. ಅಲ್ಲಿ ಆಡಿದ 3ರಿಂದ 5 ವರ್ಷದ ಮಕ್ಕಳ ಚರ್ಮದ ಮೇಲಿನ ಬ್ಯಾಕ್ಟೀರಿಯಾ ವೈವಿಧ್ಯ ಒಂದು ತಿಂಗಳೊಳಗೆ ಹೆಚ್ಚಿತು. ರೋಗನಿರೋಧಕ ವ್ಯವಸ್ಥೆ ಹದದಲ್ಲಿದೆ ಎನ್ನುವ ಕುರುಹುಗಳೂ ರಕ್ತದಲ್ಲಿ ಕಂಡವು. ನಮ್ಮ ಬೀದಿಯ ಮಣ್ಣು ಫಿನ್ಲೆಂಡಿನ ಕಾಡಿನದ್ದಲ್ಲ. ಆ ಮಾತು ಐದನೇ ಹಂತದಲ್ಲಿ.

1. ಈಗಿರುವ ಲೆಕ್ಕ ಬರೆದುಕೊಳ್ಳಿ

ಒಂದು ವಾರ ಮಗು ಸೂರಿನ ಹೊರಗೆ ಎಷ್ಟು ನಿಮಿಷ ಇತ್ತು ಎಂದು ಕ್ಯಾಲೆಂಡರಿನ ಚೌಕದಲ್ಲಿ ಗುರುತು ಹಾಕಿ. ಸ್ಕೂಲ್ ವ್ಯಾನು ಲೆಕ್ಕಕ್ಕಿಲ್ಲ, ಮಾಲ್ ಇಲ್ಲ, ತಗಡಿನ ಸೂರಿನ ಬ್ಯಾಡ್ಮಿಂಟನ್ ಕೋರ್ಟೂ ಇಲ್ಲ. ಶಾಲೆಯಲ್ಲಿ ಪಿ.ಟಿ. ಪೀರಿಯಡ್ ನಿಜಕ್ಕೂ ಮೈದಾನದಲ್ಲಿ ನಡೆಯುತ್ತದೆಯೋ, ಗಣಿತದ ಮೇಷ್ಟ್ರು ಅದನ್ನು ನುಂಗಿಹಾಕುತ್ತಾರೋ ಎಂದು ಮಗುವನ್ನೇ ಕೇಳಿ, ಸತ್ಯ ಹೇಳುತ್ತದೆ.

ದಿನಕ್ಕೆ ಎರಡು ಗಂಟೆ ಒಳ್ಳೆಯ ಗುರಿ. ಈಗ ಹದಿನೈದು ನಿಮಿಷ ಇದ್ದರೆ ನಲವತ್ತಕ್ಕೆ ಏರಿಸುವುದೇ ಮೊದಲ ಕೆಲಸ. ಒಂದೇ ಸಲಕ್ಕೆ ಆಗಬೇಕೆಂದಿಲ್ಲ: ವ್ಯಾನಿನಿಂದ ಒಂದು ಸ್ಟಾಪ್ ಮುಂಚೆ ಇಳಿಸಿಕೊಂಡು ನಡೆಸಿಕೊಂಡು ಬಂದರೆ ಹತ್ತು ನಿಮಿಷ, ಸಂಜೆಯ ತಿಂಡಿಯನ್ನು ಡಬ್ಬಿಗೆ ಹಾಕಿಕೊಂಡು ಕೆಳಗೆ ಹೋದರೆ ಇನ್ನು ಇಪ್ಪತ್ತು.

2. ಹತ್ತು ನಿಮಿಷದ ದೂರದೊಳಗೆ ಜಾಗ ಹುಡುಕಿ

ಲಾಲ್‌ಬಾಗ್, ಕಬ್ಬನ್ ಪಾರ್ಕ್ ಸೊಗಸಾದ ಜಾಗಗಳೇ. ಆದರೆ ಬಸ್ಸೋ ಮೆಟ್ರೋ ಹತ್ತಿ ಹೋಗಬೇಕಾದ ಜಾಗ ದಿನದ ಮಾತಿಗೆ ಬರುವುದಿಲ್ಲ. ಮನೆಯಿಂದ ಹೊರಟು ಹತ್ತು ನಿಮಿಷ ನಾಲ್ಕೂ ದಿಕ್ಕಿಗೆ ನಡೆದು ನೋಡಿ. ಬಡಾವಣೆಯ ಪಾರ್ಕು, ದೇವಸ್ಥಾನದ ಅರಳಿಕಟ್ಟೆ, ಕೆರೆ ಏರಿ, ಸರ್ಕಾರಿ ಶಾಲೆಯ ಮೈದಾನ, ಯಾವುದಾದರೂ ಆದೀತು. ಗೇಟು ಯಾವ ಹೊತ್ತಿಗೆ ತೆರೆದಿರುತ್ತದೆ ಎಂದು ವಾಚ್‌ಮನ್ ಹತ್ತಿರ ಕೇಳಿಕೊಳ್ಳಿ. ಮಧ್ಯಾಹ್ನ ಬೀಗ ಹಾಕುವ ಪಾರ್ಕುಗಳಿವೆ.

ನೋಡಬೇಕಾದ್ದು ಮೂರು: ನೆರಳು, ಮುಟ್ಟಬಹುದಾದ ನೆಲ, ಮತ್ತು ತಿಂಗಳಿಂದ ತಿಂಗಳಿಗೆ ಬದಲಾಗುವ ಏನಾದರೊಂದು. ಇಲ್ಲಿ ಅನೇಕರು ಎಡವುತ್ತಾರೆ. ಅಪಾರ್ಟ್‌ಮೆಂಟಿನ ಬ್ರೋಷರಿನಲ್ಲಿ ‘ಶೇ. 70 ಗ್ರೀನ್’ ಎಂದಿರುತ್ತದೆ. ಹೋಗಿ ನೋಡಿದರೆ ಲಾನು, ಅದರ ಮೇಲೆ ‘ಹುಲ್ಲು ತುಳಿಯಬೇಡಿ’ ಎಂಬ ಫಲಕ, ಪಕ್ಕದಲ್ಲಿ ರಬ್ಬರ್ ನೆಲದ ಜಾರುಬಂಡೆ. ಕಣ್ಣಿಗೆ ಬೆಳಕೇನೋ ಅಲ್ಲೂ ಸಿಗುತ್ತದೆ. ಆದರೆ ಆ ಲಾನಿನಲ್ಲಿ ಮಗುವಿಗೆ ಮಾಡಲು ಏನಿದೆ? ಎರಡು ಇರುವೆಗೂಡು, ಬಿದ್ದ ಎಲೆ, ಒಂದಷ್ಟು ಕಲ್ಲು ಇರುವ ಪಾಳು ಮೂಲೆ ಅದಕ್ಕಿಂತ ಮೇಲು.

3. ಒಂದೇ ಒಂದು ಮರ ಆರಿಸಿ, ವರ್ಷವಿಡೀ ನೋಡಿ

ನನ್ನ ಪ್ರಕಾರ ಇಡೀ ಲೇಖನದಲ್ಲಿ ನೀವು ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ಪಾರ್ಕಿಗೆ ‘ಸುಮ್ಮನೆ’ ಹೋದ ಮಗು ನಾಲ್ಕನೇ ದಿನಕ್ಕೆ ಬೋರು ಅನ್ನುತ್ತದೆ. ತನ್ನದೇ ಮರ ಇರುವ ಮಗು “ನನ್ನ ಮರ ಏನಾಯ್ತು ನೋಡೋಣ” ಅಂತ ತಾನೇ ಚಪ್ಪಲಿ ಹಾಕಿಕೊಳ್ಳುತ್ತದೆ.

ಯಾವ ಮರ? ಮಗುವೇ ಆರಿಸಲಿ. ಸಲಹೆ ಕೇಳಿದರೆ ನಾನು ಹೊಂಗೆ ಅನ್ನುತ್ತೇನೆ. ಬೆಂಗಳೂರು, ಮೈಸೂರು, ತುಮಕೂರು, ಎಲ್ಲಿ ನೋಡಿದರೂ ರಸ್ತೆ ಬದಿಯಲ್ಲಿದೆ, ಕೊಂಬೆ ಕೈಗೆಟುಕುತ್ತದೆ, ವರ್ಷದಲ್ಲಿ ಹಲವು ವೇಷ ಹಾಕುತ್ತದೆ. ಜನವರಿ-ಫೆಬ್ರವರಿಯಲ್ಲಿ ಎಲೆ ಹಳದಿಯಾಗಿ ಉದುರಿ, ಕೆಲವೇ ವಾರಗಳಲ್ಲಿ ಎಣ್ಣೆ ಸವರಿದಂತೆ ಮಿನುಗುವ ಎಳೆಹಸಿರು ಚಿಗುರು ತುಂಬಿಕೊಳ್ಳುತ್ತದೆ. ಯುಗಾದಿಯ ಸುಮಾರಿಗೆ ಮರದ ಕೆಳಗೆ ನಿಂತರೆ ನೆರಳಿಗೂ ಹಸಿರು ಬಣ್ಣ ಬಂದಂತಿರುತ್ತದೆ. ಆಮೇಲೆ ಬಿಳಿ-ನಸುನೇರಳೆ ಹೂಗೊಂಚಲು, ಅದರ ತುಂಬ ಜೇನ್ನೊಣ. ಫುಟ್‌ಪಾತಿನ ಮೇಲೆ ಉದುರಿದ ಹೂವು ಗಾಳಿಗೆ ಮೂಲೆ ಸೇರುತ್ತದೆ. ಆಮೇಲೆ ಚಪ್ಪಟೆ ಕಾಯಿ, ಒಳಗೆ ಸಾಮಾನ್ಯವಾಗಿ ಒಂದೇ ಬೀಜ. ಹಿಂದೆ ದೀಪಕ್ಕೆ ಎಣ್ಣೆ ಇದರದ್ದೇ. ಕಹಿ, ವಿಷಕಾರಿ, ಬಾಯಿಗೆ ಹಾಕಬಾರದು ಎಂದು ಚಿಕ್ಕವರಿಗೆ ಮೊದಲೇ ಹೇಳಿ.

ಒಂದು ಎಲೆಯನ್ನು ಹತ್ತಿರದಿಂದ ನೋಡಿಸಿ. ಹೊಂಗೆಯ ‘ಎಲೆ’ ಎಂದು ನಾವು ಕೀಳುವುದು ನಿಜವಾಗಿ ಕಿರುಎಲೆ. ಒಂದು ಕಡ್ಡಿಗೆ ಐದೋ ಏಳೋ ಒಂಬತ್ತೋ ಇರುತ್ತವೆ, ಜೋಡಿ ಜೋಡಿಯಾಗಿ ಬಂದು ತುದಿಯಲ್ಲೊಂದು ಒಂಟಿ. ಸಮಸಂಖ್ಯೆಯದು ಸಿಕ್ಕರೆ ಒಂದು ಕಿರುಎಲೆ ಉದುರಿಹೋಗಿದೆಯೇ ಎಂದು ಕಡ್ಡಿಯ ಮೇಲೆ ಗಾಯದ ಗುರುತು ಹುಡುಕಲಿ. ಕೆಲವು ಎಲೆಗಳ ಮೇಲೆ ಗುಳ್ಳೆ ಎದ್ದಂತೆ ಗಂಟುಗಳಿರುತ್ತವೆ. ಅದು ಮರಕ್ಕೆ ಬಂದ ಸಿಡುಬಲ್ಲ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ಎಲೆಯನ್ನು ಕೆಣಕಿ ಕಟ್ಟಿಸಿಕೊಂಡ ಮನೆ. ಐದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಇಂಥ ಮನೆ ಎಷ್ಟಿವೆ ಎಂದು ಎಣಿಸಹೊರಟ ಮಗುವನ್ನು ಅಲ್ಲಿಂದ ಎಬ್ಬಿಸಿಕೊಂಡು ಬರುವುದೇ ಕಷ್ಟ.

ಹೊಂಗೆ ಇಲ್ಲದಿದ್ದರೆ ಬೇವು, ಅತ್ತಿ, ನೇರಳೆ, ಹುಣಸೆ ಎಲ್ಲ ನಡೆಯುತ್ತದೆ. ವರ್ಷವಿಡೀ ಒಂದೇ ತೆರನಾಗಿ ಕಾಣುವ ಅಲಂಕಾರದ ಪಾಮ್ ಗಿಡ ಮಾತ್ರ ಬೇಡ.

4. ವಾರಕ್ಕೊಂದು ಸಲ ಬರೆದಿಡಿ, ಹೋಂವರ್ಕ್ ಮಾಡಬೇಡಿ

ಚಿಗುರು, ಹೂವು, ಕಾಯಿ ಯಾವಾಗ ಬರುತ್ತವೆ ಎಂದು ದಾಖಲಿಸುವ ವಿದ್ಯೆಗೆ ಫೀನಾಲಜಿ ಎನ್ನುತ್ತಾರೆ; ‘ಋತುಲೆಕ್ಕ’ ಅಂದುಕೊಳ್ಳಿ. ನಮ್ಮ ದೇಶದಲ್ಲಿ ಇದಕ್ಕೆಂದೇ ‘ಸೀಸನ್‌ವಾಚ್’ ಎಂಬ ಕಾರ್ಯಕ್ರಮವಿದೆ. ಶಾಲಾಮಕ್ಕಳೂ ಸಾಮಾನ್ಯರೂ ಒಂದು ಮರ ಆರಿಸಿಕೊಂಡು ವಾರ ವಾರ ನೋಡಿ ಮಾಹಿತಿ ಕಳಿಸುತ್ತಾರೆ. ಅವರ ಕ್ರಮ ಸರಳ: ಎಲೆ ಎಳೆಯದೋ ಬಲಿತದ್ದೋ ಒಣಗಿದ್ದೋ, ಮೊಗ್ಗು-ಹೂವು ಇದೆಯೋ, ಕಾಯಿಯೋ ಹಣ್ಣೋ, ಪ್ರತಿಯೊಂದಕ್ಕೂ ‘ಇಲ್ಲ’, ‘ಸ್ವಲ್ಪ’, ‘ಬಹಳ’ ಎಂಬ ಮೂರೇ ಉತ್ತರ. ಸೇರದಿದ್ದರೂ ಇದೇ ಕ್ರಮದಲ್ಲಿ ಮನೆಯಲ್ಲೇ ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡಬಹುದು. ಭಾನುವಾರ ಬೆಳಗ್ಗೆ ಐದು ನಿಮಿಷದ ಕೆಲಸ.

ಮರಕ್ಕೆ ಬಂದವರ ಪಟ್ಟಿ ಬೇರೆ ಪುಟದಲ್ಲಿರಲಿ: ಪಿಕಳಾರ, ಸೂರಕ್ಕಿ, ಮೈನಾ, ಅಳಿಲು, ಕೆಂಜಿಗ. ಹೆಸರು ಗೊತ್ತಿಲ್ಲದಿದ್ದರೆ ‘ಬಾಲ ಕುಣಿಸೋ ಕಪ್ಪು ಹಕ್ಕಿ’ ಎಂದೇ ಬರೆಯಲಿ. ಮೊಬೈಲ್ ತೆಗೆದು ಆ ಕ್ಷಣವೇ ಹೆಸರು ಹುಡುಕಿಕೊಡುವ ಚಪಲ ನಮಗಿರುತ್ತದೆ. ಮನೆಗೆ ಹೋದ ಮೇಲೆ ಹುಡುಕಿ.

ಇಲ್ಲಿನ ದೊಡ್ಡ ಹಳ್ಳ ಎಂದರೆ ದೊಡ್ಡವರ ಬಾಯಿ. “ಇದ್ಯಾವ ಬೇರು? ದ್ಯುತಿಸಂಶ್ಲೇಷಣೆ ಅಂದರೇನು ಹೇಳು?” ಎಂದು ಶುರುವಾಯಿತೋ, ಹೊರಾಂಗಣವೂ ಟ್ಯೂಷನ್ ಆಯಿತು. ಕಾಗುಣಿತ ತಿದ್ದಬೇಡಿ. ಚಿತ್ರಕ್ಕೆ ಬಣ್ಣ ತುಂಬಿಸಲು ಕೂರಬೇಡಿ. ನೀವು ಕಟ್ಟೆಯ ಮೇಲೆ ಕೂತು ಕಡಲೆಕಾಯಿ ತಿನ್ನಿ.

ಹಾಗಾದರೆ ಪಾಠಕ್ಕೂ ಇದಕ್ಕೂ ಸಂಬಂಧವೇ ಇಲ್ಲವೇ? ಇದೆ, ಮಗು ತಾನೇ ಕೇಳಿದಾಗ. ನಾಲ್ಕು-ಐದನೇ ಕ್ಲಾಸಿನವರು ಟೈಲರ್ ಟೇಪಿನಲ್ಲಿ ಕಾಂಡದ ಸುತ್ತಳತೆ ತೆಗೆಯಬಹುದು. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೆಯುವುದು ಅರಣ್ಯ ಇಲಾಖೆಯವರ ಪದ್ಧತಿ, ‘ಎದೆಮಟ್ಟದ ಸುತ್ತಳತೆ’ ಎನ್ನುತ್ತಾರೆ. ಅದನ್ನು 3.14ರಿಂದ ಭಾಗಿಸಿದರೆ ವ್ಯಾಸ. ಆರು-ಏಳನೆಯವರು ಮರ ಹತ್ತದೆಯೇ ಎತ್ತರ ಕಂಡುಹಿಡಿಯಲಿ: ಒಂದು ಮೀಟರ್ ಕೋಲು ನೆಟ್ಟು ಅದರ ನೆರಳು ಅಳೆದು, ಅದೇ ಹೊತ್ತಿಗೆ ಮರದ ನೆರಳನ್ನೂ ಅಳೆದರೆ ಅನುಪಾತದ ಲೆಕ್ಕ ಮುಗಿಯಿತು. ಪುಸ್ತಕದಲ್ಲಿ ಅರ್ಥವಾಗದ ಅನುಪಾತ ರಸ್ತೆಯಲ್ಲಿ ಬೇಗ ತಲೆಗೆ ಹೋಗುತ್ತದೆ.

5. ಮಣ್ಣು, ಹುಳು, ಸೊಳ್ಳೆ: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಮಣ್ಣಿನಲ್ಲಿ ಆಡಿ ಬಟ್ಟೆ ಕೊಳೆಯಾಯಿತು ಎನ್ನುವುದಕ್ಕೆ ಹೆದರಬೇಡಿ. ಮೊಣಕಾಲು ತರಚಿದರೆ ತೊಳೆದು ಬಿಡಿ. ಧನುರ್ವಾಯು ಲಸಿಕೆ ವಯಸ್ಸಿಗೆ ತಕ್ಕಂತೆ ಆಗಿದೆಯೇ ಎಂದು ತಾಯಿ ಕಾರ್ಡ್ ತೆಗೆದು ನೋಡಿಕೊಂಡಿರಿ (5-6, 10 ಮತ್ತು 16ನೇ ವಯಸ್ಸಿನ ಡೋಸುಗಳು ಬಹಳ ಕಡೆ ಮರೆತೇ ಹೋಗಿರುತ್ತವೆ). ಹೆದರಬೇಕಾದ ಕೆಲವು ಇವೆ.

ನಾಯಿ-ಬೆಕ್ಕು ಗಲೀಜು ಮಾಡುವ ಮರಳುಗುಂಡಿ, ಚರಂಡಿ ಪಕ್ಕದ ಕೆಸರು ಬೇಡವೇ ಬೇಡ. ಕೊಕ್ಕೆಹುಳು ಬರಿಗಾಲಿನ ಚರ್ಮ ಕೊರೆದು ಒಳಸೇರುತ್ತದೆ. ಅಂಥ ಕಡೆ ಚಪ್ಪಲಿ ಇರಲಿ, ಮನೆಗೆ ಬಂದೊಡನೆ ಸೋಪಿನಲ್ಲಿ ಕೈ ತೊಳೆಯಲಿ. ಶಾಲೆ, ಅಂಗನವಾಡಿಯಲ್ಲಿ ಜಂತುಹುಳು ನಿವಾರಣಾ ದಿನದಂದು ಕೊಡುವ ಮಾತ್ರೆ ತಪ್ಪಿಸಬೇಡಿ.

ಮಳೆಗಾಲದಲ್ಲಿ ಬೆಂಗಳೂರಿನ ಪಾರ್ಕುಗಳಲ್ಲಿ ಅಂಗೈಯಗಲದ ಬಸವನಹುಳು ಕಾಣುತ್ತದೆ, ಆಫ್ರಿಕಾ ಮೂಲದ್ದು. ಮಕ್ಕಳಿಗೆ ಅದೆಂದರೆ ಪ್ರಾಣ. ಅದರ ಮೈಯಲ್ಲಿ ಮೆದುಳಿಗೆ ತೊಂದರೆ ಕೊಡಬಲ್ಲ ಪರಾವಲಂಬಿ ಹುಳು ಇರಬಹುದಾದ್ದರಿಂದ ನೋಡಲಿ, ಮುಟ್ಟದಿರಲಿ.

ಪಾರ್ಥೇನಿಯಂ, ನಮ್ಮ ಬಾಯಲ್ಲಿ ‘ಕಾಂಗ್ರೆಸ್ ಗಿಡ’, ತುರಿಕೆ ಮತ್ತು ಉಬ್ಬಸ ತರುತ್ತದೆ. ಅದು ಹೂಬಿಟ್ಟ ಖಾಲಿ ಸೈಟಿಗೆ ಅಸ್ತಮಾ ಇರುವ ಮಗುವನ್ನು ಕರೆದೊಯ್ಯಬೇಡಿ. ಕಣಗಿಲೆ, ದತ್ತೂರಿ, ಗುಲಗಂಜಿ ಮೂರನ್ನೂ ಗುರುತಿಸಲು ಕಲಿಸಿ, ಮೂರೂ ವಿಷ. ನುಗ್ಗೆಮರದ ಕಾಂಡಕ್ಕೆ ಒರಗುವ ಮುಂಚೆ ಕಂಬಳಿಹುಳು ನೋಡಿಕೊಳ್ಳಿ.

ಡೆಂಗಿ ಹರಡುವ ಸೊಳ್ಳೆ ಹಗಲಲ್ಲೇ ಕಚ್ಚುವುದು, ಬೆಳಗ್ಗೆ ಮತ್ತು ಕತ್ತಲಾಗುವ ಮುಂಚೆ ಹೆಚ್ಚು. ಜೂನ್‌ನಿಂದ ಅಕ್ಟೋಬರ್‌ವರೆಗೆ ತುಂಬುತೋಳು, ಉದ್ದ ಪ್ಯಾಂಟು. ನಾಯಿ ಕಚ್ಚಿದರೆ, ಬರೀ ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ; ಅರಿಶಿನ, ಸುಣ್ಣ ಮೆತ್ತಬೇಡಿ. ಹಾವು ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ಅಲ್ಲಾಡಿಸದೆ ಎತ್ತಿಕೊಂಡು ಹೋಗಿ. ಡಿಸೆಂಬರಿನಿಂದ ಮೇವರೆಗೆ ಮಲೆನಾಡಿನ ಅಜ್ಜಿಮನೆಗೆ ಹೋಗುವವರು ಮಂಗನ ಕಾಯಿಲೆಯ ಸುದ್ದಿ ಇರುವ ಕಡೆ ಕಾಡಿನ ತರಗೆಲೆಯ ಮೇಲೆ ಮಕ್ಕಳನ್ನು ಕೂರಿಸಬಾರದು. ಆ ಕಾಯಿಲೆ ಹರಡುವ ಉಣುಗು (ಉಣ್ಣೆಹುಳು) ಹತ್ತಿದೆಯೇ ಎಂದು ಬಂದೊಡನೆ ಮೈ ನೋಡಿ, ಬಿಸಿನೀರಿನ ಸ್ನಾನ ಮಾಡಿಸಿ.

ಎಳೆಬಿಸಿಲಿನ ಬಗ್ಗೆ ಒಂದು ಮಾತು. ಬೆಳಗ್ಗೆ ಏಳರ ಬಿಸಿಲಿನಿಂದ ವಿಟಮಿನ್ ಡಿ ಬರುತ್ತದೆ ಎಂದು ಅಜ್ಜಿಯಂದಿರು ಮಾತ್ರವಲ್ಲ, ನಾವೂ ನಂಬಿದ್ದೇವೆ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಯುವಿಬಿ ಕಿರಣ ಅಷ್ಟು ಮುಂಚೆ ಬಹಳ ಕಡಿಮೆ. ಹತ್ತು ಗಂಟೆಯಿಂದ ಮೂರರವರೆಗೆ ಹೆಚ್ಚು. ಕಿಟಕಿಗಾಜು ಅದನ್ನು ತಡೆದುಬಿಡುತ್ತದೆ. ಕಣ್ಣಿನ ಲೆಕ್ಕಕ್ಕೆ ಎಳೆಬಿಸಿಲು ಧಾರಾಳ ಸಾಕು. ವಿಟಮಿನ್ ಕೊರತೆಯ ಅನುಮಾನವಿದ್ದರೆ ಡಾಕ್ಟರನ್ನು ಕೇಳಿ, ಅಂಗಡಿಯಿಂದ ಸ್ಯಾಶೆ ತಂದು ಕುಡಿಸಬೇಡಿ.

6. ಮಣ್ಣೇ ಇಲ್ಲದವರಿಗೆ ಬಾಲ್ಕನಿ

ಅರ್ಧ ದಿನ ಬಿಸಿಲು ಬೀಳುವ ಕಡೆ ಒಂದು ಗ್ರೋ ಬ್ಯಾಗ್ ಇಡಿ. ಕೆಂಪುಮಣ್ಣು, ಎರೆಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ. ಮೊದಲ ಬೆಳೆ ಮೆಂತ್ಯವೇ ಆಗಲಿ, ಸಾಂಬಾರ ಡಬ್ಬಿಯ ಕಾಳೇ ಸಾಕು. ಮೂರು-ನಾಲ್ಕು ದಿನಕ್ಕೆ ಮೊಳಕೆ, ತಿಂಗಳೊಳಗೆ ಪಲ್ಯ. ಕೊತ್ತಂಬರಿ ಬಿತ್ತುವುದಾದರೆ ಕಾಳನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ. ಸಾಮಾನ್ಯ ತಪ್ಪು ಒಂದೇ, ದಿನಕ್ಕೆ ಮೂರು ಸಲ ನೀರು ಹೊಯ್ಯುವುದು. ಮಣ್ಣಿಗೆ ಬೆರಳು ಇಳಿಸಿ ಒಣಗಿದ್ದರೆ ಮಾತ್ರ ಎಂಬ ನಿಯಮ ಕಲಿಸಿ. ಇದು ಪಾರ್ಕಿಗೆ ಬದಲಿಯಲ್ಲ, ಜೊತೆಗೊಂದು.

7. ಶಾಲೆಯನ್ನು ಕೇಳಿ

ವಾರದ ಐದಾರು ದಿನದ ಹಗಲು ಶಾಲೆಯದ್ದೇ ಆದ್ದರಿಂದ ಪೋಷಕರ ಸಭೆಯಲ್ಲಿ ಈ ವಿಷಯ ಎತ್ತಿ. “ಹಸಿರು ಬೇಕು” ಎಂದರೆ ಗಿಡ ನೆಡುವ ಫೋಟೋ ಕಾರ್ಯಕ್ರಮವಾಗಿ ಮುಗಿಯುತ್ತದೆ. “ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ ಮಕ್ಕಳು ಕ್ಲಾಸಿನಲ್ಲಿ ಕೂರದಂತೆ ನೋಡಿಕೊಳ್ಳಿ, ಪಿ.ಟಿ. ಪೀರಿಯಡ್ ಬೇರೆಯವರಿಗೆ ಕೊಡಬೇಡಿ” ಎಂದು ಎರಡೇ ಬೇಡಿಕೆ ಇಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಗೆ ಹತ್ತು ‘ಬ್ಯಾಗ್ ರಹಿತ’ ದಿನಗಳನ್ನು ಹೇಳುತ್ತದೆ. ಅದರಲ್ಲಿ ಒಂದನ್ನಾದರೂ ಹತ್ತಿರದ ಕೆರೆಗೆ ಎಂದು ಕೇಳಬಹುದು.

8. ಪರೀಕ್ಷೆ, ಮಳೆ ಬಂದಾಗ

ಎಲ್ಲ ಮುರಿದು ಬೀಳುವುದು ಈ ಎರಡು ಹೊತ್ತಿನಲ್ಲಿ. ಮಾರ್ಚ್ ಬಂತೆಂದರೆ ಮೊದಲ ಕತ್ತರಿ ಬೀಳುವುದು ಆಟಕ್ಕೆ. ಗಮನ ಬಳಲಿದಾಗ ಇಪ್ಪತ್ತು ನಿಮಿಷದ ನಡಿಗೆ ಓದಿನ ಹೊತ್ತನ್ನು ತಿನ್ನುವುದಿಲ್ಲ, ಎರಡು ವಿಷಯಗಳ ನಡುವೆ ಅದನ್ನು ಟೈಮ್‌ಟೇಬಲ್ಲಿನಲ್ಲೇ ಬರೆಯಿರಿ. ಮಳೆಗೆ ರೇನ್‌ಕೋಟು ಇದೆ; ಮೋಡದ ದಿನದ ಹೊರಬೆಳಕೂ ಟ್ಯೂಬ್‌ಲೈಟಿಗಿಂತ ಎಷ್ಟೋ ಪಾಲು ಹೆಚ್ಚು. ಗುಡುಗು-ಸಿಡಿಲು ಇದ್ದರೆ ಮಾತ್ರ ಮರದ ಕೆಳಗೆ ನಿಲ್ಲಬಾರದು, ಒಳಗೆ ಬನ್ನಿ.

9. ಡಾಕ್ಟರ ಬಳಿ ಹೋಗಬೇಕಾದಾಗ

ಟಿ.ವಿ.ಗೆ ಹತ್ತಿರ ಹೋಗಿ ಕೂರುವುದು, ಕಣ್ಣು ಕಿರಿದು ಮಾಡಿ ನೋಡುವುದು, ಬೋರ್ಡಿನ ಬರಹವನ್ನು ಪಕ್ಕದವರ ನೋಟ್ಸಿನಿಂದ ನಕಲು ಮಾಡುವುದು ಕಂಡರೆ ಕಣ್ಣಿನ ಪರೀಕ್ಷೆ ಮಾಡಿಸಿ. ಹೊರಗಿರುವುದು ಸಮೀಪದೃಷ್ಟಿ ಬರುವುದನ್ನು ತಡೆಯಲು ನೆರವಾಗುತ್ತದೆಯೇ ಹೊರತು ಬಂದ ನಂಬರನ್ನು ಇಳಿಸುವುದಿಲ್ಲ. “ಹಸಿರು ನೋಡಿದರೆ ಕನ್ನಡಕ ಹೋಗುತ್ತೆ” ಎಂದು ಕನ್ನಡಕ ತೆಗೆಸಬೇಡಿ. ಗಮನದ ಕೊರತೆಗೆ ಔಷಧಿ ನಡೆಯುತ್ತಿದ್ದರೆ ಪಾರ್ಕಿನ ನೆಪದಲ್ಲಿ ನಿಲ್ಲಿಸಬೇಡಿ. ಒಂದನೇ ಕ್ಲಾಸಿಗೆ ಸೇರಿಸುವ ಮುಂಚೆ, ದೂರು ಇರಲಿ ಬಿಡಲಿ, ಒಂದು ಸಲ ಕಣ್ಣು ತೋರಿಸಿ. ಅಪ್ಪ-ಅಮ್ಮ ಇಬ್ಬರಿಗೂ ಮೈನಸ್ ನಂಬರಿನ ಕನ್ನಡಕ ಇದ್ದರೆ ಆಮೇಲೆ ವರ್ಷಕ್ಕೊಮ್ಮೆ.